ಮೊದಲು ಕಣ ಎಣಿಸಿ: ದ್ರಾವಣಗಳ ಕೊಲಿಗೇಟಿವ್ ಗುಣಗಳಿಗೆ ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳ ಮಳೆ ಹಿಡಿದು ಎರಡು ವಾರ ಆಯಿತೆಂದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಜಾಗ ಬದಲಿಸುತ್ತದೆ. ಕಪಾಟಿನಿಂದ ಇಳಿದು ಒಲೆಯ ಪಕ್ಕ ಬಂದು ಕೂರುತ್ತದೆ. ಇಲ್ಲದಿದ್ದರೆ ಉಪ್ಪು ಬೆವರಿದ ಹಾಗೆ ಒದ್ದೆಯಾಗಿ, ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಯಾರೂ ಹೊಯ್ದಿಲ್ಲ. ಗಾಳಿಯಿಂದ ಉಪ್ಪೇ ಎಳೆದುಕೊಂಡಿದ್ದು.

ಪಿಯುಸಿ ರಸಾಯನಶಾಸ್ತ್ರದಲ್ಲಿ 'ದ್ರಾವಣಗಳು' ಪಾಠ ಶುರು ಮಾಡುವ ದಿನ ನಾನು ಈ ಭರಣಿಯಿಂದಲೇ ಶುರು ಮಾಡುತ್ತೇನೆ. ಮಕ್ಕಳು ಈ ಪಾಠಕ್ಕೆ ಹೆದರುವುದನ್ನು ವರ್ಷ ವರ್ಷ ನೋಡಿದ್ದೇನೆ. ಆವಿ ಒತ್ತಡದ ಇಳಿಕೆ, ಕುದಿಬಿಂದುವಿನ ಏರಿಕೆ, ಘನೀಕರಣ ಬಿಂದುವಿನ ಇಳಿಕೆ, ಆಸ್ಮಾಟಿಕ್ ಒತ್ತಡ ಅಂತ ನಾಲ್ಕು ಗುಣ, ನಾಲ್ಕು ಸೂತ್ರ, ಮೇಲೆ ವಾಂಟ್ ಹಾಫ್ ಫ್ಯಾಕ್ಟರ್ ಬೇರೆ. ಎಲ್ಲವನ್ನೂ ಉರು ಹೊಡೆದು, ಪರೀಕ್ಷೆಯಲ್ಲಿ ಯಾವುದು ಎಲ್ಲಿಗೆ ಅಂತ ಗೊತ್ತಾಗದೆ ಕೂರುತ್ತಾರೆ. ಇಲ್ಲಿ ನಾಲ್ಕು ಬೇರೆ ಬೇರೆ ವಿಷಯಗಳಿಲ್ಲ. ಇರುವುದು ಒಂದೇ ಪ್ರಶ್ನೆ: ಇಷ್ಟು ನೀರಿನಲ್ಲಿ ಕರಗಿದ ಕಣಗಳು ಎಷ್ಟು? ಕಣ ಉಪ್ಪಿನದೋ, ಸಕ್ಕರೆಯದೋ, ಯೂರಿಯಾದ್ದೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಎಣಿಕೆ ಮಾತ್ರ ಲೆಕ್ಕಕ್ಕೆ. ಹೀಗೆ ಬರೀ ಎಣಿಕೆಯ ಮೇಲೆ ನಿಂತ ಗುಣಗಳಿಗೇ ಕೊಲಿಗೇಟಿವ್ ಗುಣಗಳು ಅಂತ ಹೆಸರು.

ಪೆನ್ನು, ಹಾಳೆ, ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ. ಓದುತ್ತಾ ಲೆಕ್ಕವನ್ನೂ ಮಾಡುತ್ತಾ ಹೋಗೋಣ.

ಹೆಜ್ಜೆ 1: ಇದು ನಿಜವಾಗಿ ದ್ರಾವಣವೇ?

ಕರಗಿಸಿಕೊಳ್ಳುವುದು ದ್ರಾವಕ, ಕರಗುವುದು ದ್ರಾವ್ಯ, ಎರಡೂ ಸೇರಿದ್ದು ದ್ರಾವಣ. ಲೆಕ್ಕಕ್ಕೆ ಇಳಿಯುವ ಮೊದಲು ಮೂರು ಪ್ರಶ್ನೆ ಕೇಳಿ. ದ್ರಾವ್ಯ ಪೂರ್ತಿ ಕರಗಿದೆಯಾ? ಅದು ತಾನೂ ಆವಿಯಾಗಿ ಹಾರಿಹೋಗುವಂಥದ್ದಾ? ಕರಗಿದಾಗ ಒಡೆದು ಅಯಾನುಗಳಾಗುತ್ತದಾ, ಅಂದರೆ ಚಾರ್ಜ್ ಇರುವ ಕಣಗಳಾಗುತ್ತದಾ?

ಮೊದಲ ಪ್ರಶ್ನೆಗೆ ನಮ್ಮ ತೋಟಗಳಲ್ಲೇ ಒಳ್ಳೆಯ ಉದಾಹರಣೆ ಇದೆ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎಲ್ಲರೂ ಬೋರ್ಡೋ ದ್ರಾವಣ ಅಂತಲೇ ಕರೆಯುತ್ತೇವೆ. ಶೇಕಡಾ 1ರದ್ದಾದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆದರೆ ಒಂದು ಬಾಟಲಿಯಲ್ಲಿ ತುಂಬಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ನೀಲಿ ಪದಾರ್ಥ ಕೆಳಗೆ ಕೂರುತ್ತದೆ. ಅದು ಕರಗಿಲ್ಲ, ಸಣ್ಣ ಕಣಗಳಾಗಿ ತೇಲಾಡುತ್ತಿತ್ತು ಅಷ್ಟೆ. ಹೆಸರಲ್ಲಿ ದ್ರಾವಣ ಇದ್ದರೂ ಆ ನೀಲಿ ಭಾಗಕ್ಕೆ ಈ ಪಾಠದ ಸೂತ್ರ ಹಾಕುವಂತಿಲ್ಲ.

ಎರಡನೆಯ ಪ್ರಶ್ನೆ ಸಾರಾಯಿ, ಸ್ಪಿರಿಟ್ ಥರದವಕ್ಕೆ. ಅವು ತಾವೇ ಆವಿಯಾಗುತ್ತವೆ. ಅಲ್ಲಿ ಎರಡರ ಆವಿಯನ್ನೂ ಎಣಿಸಬೇಕು, ಅದು ಬೇರೆ ಪಾಠ. ಇಲ್ಲಿ ಹಾರದ ದ್ರಾವ್ಯಗಳನ್ನು ಮಾತ್ರ ನೋಡೋಣ. ಮೂರನೆಯ ಪ್ರಶ್ನೆ ದೊಡ್ಡದು, ಅದಕ್ಕೆ ಒಂದು ಹೆಜ್ಜೆಯನ್ನೇ ಕೊಡಬೇಕು.

ಹೆಜ್ಜೆ 2: ಗ್ರಾಂ ಬಿಡಿ, ಕಣ ಹಿಡಿ

ತಕ್ಕಡಿ ಗ್ರಾಂ ಹೇಳುತ್ತದೆ. ನಮಗೆ ಬೇಕಾದದ್ದು ಕಣಗಳ ಸಂಖ್ಯೆ. ಮಧ್ಯದ ಸೇತುವೆ ಮೋಲ್, ಅಂದರೆ ಡಜನ್ ಇದ್ದ ಹಾಗೆ ಕಣಗಳನ್ನು ಎಣಿಸುವ ಒಂದು ದೊಡ್ಡ ಕಟ್ಟು. ಗ್ರಾಂ ಅನ್ನು ಮೋಲಾರ್ ರಾಶಿಯಿಂದ (ಒಂದು ಮೋಲ್‌ನ ತೂಕದಿಂದ) ಭಾಗಿಸಿದರೆ ಮೋಲ್ ಸಿಕ್ಕಿತು. ಆಮೇಲೆ, ಆ ಪದಾರ್ಥ ನೀರಲ್ಲಿ ಎಷ್ಟಾಗಿ ಒಡೆಯುತ್ತದೋ ಅಷ್ಟರಿಂದ ಗುಣಿಸಿ. ಆ ಗುಣಕವೇ ವಾಂಟ್ ಹಾಫ್ ಫ್ಯಾಕ್ಟರ್. ಪುಸ್ತಕದಲ್ಲಿ ಅದನ್ನು 'ಐ' ಅಂತ ಬರೆಯುತ್ತಾರೆ.

ಸಕ್ಕರೆ, ಗ್ಲೂಕೋಸ್, ಯೂರಿಯಾ ಒಡೆಯುವುದಿಲ್ಲ, ಐ = 1. ಅಡುಗೆ ಉಪ್ಪು ಸೋಡಿಯಂ, ಕ್ಲೋರೈಡ್ ಅಂತ ಎರಡಾಗುತ್ತದೆ, ಐ = 2. ಕ್ಯಾಲ್ಸಿಯಂ ಕ್ಲೋರೈಡ್ ಮೂರಾಗುತ್ತದೆ, ಐ = 3.

ಈ ಹೆಜ್ಜೆ ಯಾಕೆ ಇಷ್ಟು ಮುಖ್ಯ ಅಂತ ಆಸ್ಪತ್ರೆಯ ಡ್ರಿಪ್ ಬಾಟಲಿ ತೋರಿಸಿಕೊಡುತ್ತದೆ. ಸಲೈನ್ ಬಾಟಲಿಯ ಮೇಲೆ ಶೇ. 0.9 ಅಂತ ಇರುತ್ತದೆ. ಗ್ಲೂಕೋಸ್ ಬಾಟಲಿಯ ಮೇಲೆ ಶೇ. 5. ಅಂದರೆ ಒಂದು ಲೀಟರ್‌ಗೆ ಒಂದರಲ್ಲಿ 9 ಗ್ರಾಂ, ಇನ್ನೊಂದರಲ್ಲಿ 50 ಗ್ರಾಂ. ಎರಡೂ ಅದೇ ರಕ್ತಕ್ಕೆ ಹೋಗುತ್ತವೆ. ಇಷ್ಟು ವ್ಯತ್ಯಾಸ ಹೇಗೆ? ಎಣಿಸಿ ನೋಡಿ. ಉಪ್ಪು: 9 ಭಾಗಿಸು 58.5, ಅಂದರೆ 0.154 ಮೋಲ್. ಎರಡಾಗಿ ಒಡೆಯುವುದರಿಂದ 0.308. ಗ್ಲೂಕೋಸ್: 50 ಭಾಗಿಸು 180, ಅಂದರೆ 0.278. ತೂಕದಲ್ಲಿ ಐದು ಪಟ್ಟಿಗಿಂತ ಜಾಸ್ತಿ ಅಂತರ, ಕಣಗಳ ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮ. ನಮ್ಮ ರಕ್ತಕಣಕ್ಕೆ ತಕ್ಕಡಿ ಗೊತ್ತಿಲ್ಲ, ಎಣಿಕೆ ಮಾತ್ರ ಗೊತ್ತು. ತರಗತಿಯಲ್ಲಿ ಈ ಲೆಕ್ಕ ಮುಗಿದ ಮೇಲೆ ಹಿಂದಿನ ಬೆಂಚಿನವರೂ ತಲೆ ಎತ್ತಿ ನೋಡುತ್ತಾರೆ.

ಒಂದು ಸೂಕ್ಷ್ಮ ಇದೆ. ಉಪ್ಪಿನ ಐ ಸರಿಯಾಗಿ 2 ಆಗುವುದು ತುಂಬಾ ತೆಳು ದ್ರಾವಣದಲ್ಲಿ. ಒಂದು ಕೆಜಿ ನೀರಿಗೆ 0.1 ಮೋಲ್ ಇದ್ದಾಗಲೇ ಅಳೆದರೆ ಸುಮಾರು 1.87 ಬರುತ್ತದೆ. ವಿರುದ್ಧ ಚಾರ್ಜಿನ ಅಯಾನುಗಳು ಒಂದನ್ನೊಂದು ಪೂರ್ತಿ ಬಿಟ್ಟಿರುವುದಿಲ್ಲ. ಪರೀಕ್ಷೆಯಲ್ಲಿ ಬೇರೆ ಹೇಳದಿದ್ದರೆ 2 ಹಾಕಿ.

ಉಲ್ಟಾ ಸಂಗತಿಯೂ ಉಂಟು. ಅಸಿಟಿಕ್ ಆಮ್ಲವನ್ನು ಬೆಂಜೀನಿನಲ್ಲಿ ಕರಗಿಸಿದರೆ ಅಣುಗಳು ಜೋಡಿ ಜೋಡಿಯಾಗಿ ಕೈ ಹಿಡಿದುಕೊಳ್ಳುತ್ತವೆ. ಎರಡು ಹೋಗಿ ಒಂದಾಯಿತು. ಆಗ ಐ ಸುಮಾರು 0.5.

ಹೆಜ್ಜೆ 3: ಯಾವುದರಿಂದ ಭಾಗಿಸಬೇಕು?

ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಕುದಿಬಿಂದು, ಘನೀಕರಣ ಬಿಂದುವಿನ ಲೆಕ್ಕಕ್ಕೆ ಮೋಲಾಲಿಟಿ ಬೇಕು: ಮೋಲ್‌ಗಳನ್ನು ದ್ರಾವಕದ ಕೆಜಿಯಿಂದ ಭಾಗಿಸಬೇಕು. ದ್ರಾವಣದ ಕೆಜಿಯಿಂದ ಅಲ್ಲ. '100 ಗ್ರಾಂ ದ್ರಾವಣದಲ್ಲಿ 10 ಗ್ರಾಂ ಯೂರಿಯಾ' ಅಂತ ಪ್ರಶ್ನೆ ಇದ್ದರೆ ನೀರು 90 ಗ್ರಾಂ ಮಾತ್ರ. ಆಸ್ಮಾಸಿಸ್ ಲೆಕ್ಕಕ್ಕೆ ಮೋಲಾರಿಟಿ ಬೇಕು: ದ್ರಾವಣದ ಲೀಟರ್‌ನಿಂದ ಭಾಗಿಸಬೇಕು. ಆವಿ ಒತ್ತಡಕ್ಕೆ ಮೋಲ್ ಭಿನ್ನರಾಶಿ, ಅಂದರೆ ಒಟ್ಟು ಮೋಲ್‌ಗಳಲ್ಲಿ ಒಂದರ ಪಾಲು. ಪ್ರಶ್ನೆ ಓದುವಾಗಲೇ 'ದ್ರಾವಕ', 'ದ್ರಾವಣ' ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 4: ಆವಿ ಒತ್ತಡ, ಅಂದರೆ ಭರಣಿಯ ಕಥೆ

ಉಳಿದ ಮೂರಕ್ಕೂ ತಾಯಿಬೇರು ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮುಚ್ಚಿದ ಪಾತ್ರೆಯಲ್ಲಿ ನೀರಿನ ಮೇಲ್ಮೈಯಿಂದ ಅಣುಗಳು ಹಾರುತ್ತಲೇ ಇರುತ್ತವೆ, ವಾಪಸು ಬೀಳುತ್ತಲೂ ಇರುತ್ತವೆ. ಎರಡೂ ಸಮ ಆದಾಗ ಆವಿಯ ಒತ್ತಡ ಇಷ್ಟೇ ಅಂತ ನಿಲ್ಲುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಅದು 23.76 ಮಿಲಿಮೀಟರ್ ಪಾದರಸ. ಈಗ ಏನಾದರೂ ಕರಗಿಸಿದರೆ ದ್ರವದಲ್ಲಿ ನೀರಿನ ಪಾಲು ಕಡಿಮೆಯಾಯಿತು. ಹಾರುವವರು ಕಡಿಮೆಯಾದರು, ಒತ್ತಡ ಇಳಿಯಿತು. ಎಷ್ಟು ಇಳಿಯುತ್ತದೆ ಅನ್ನುವುದನ್ನು ಆಲ್ಪ್ಸ್ ಬೆಟ್ಟಗಳ ನಡುವಿನ ಗ್ರೆನೋಬಲ್ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರಾನ್ಸ್‌ನ ರೌಲ್ಟ್ 1880ರ ದಶಕದಲ್ಲಿ ಅಳೆದು ಅಳೆದು ಕಂಡುಕೊಂಡರು: ದ್ರಾವಣದ ಆವಿ ಒತ್ತಡ = ನೀರಿನ ಮೋಲ್ ಭಿನ್ನರಾಶಿ × ಶುದ್ಧ ನೀರಿನ ಆವಿ ಒತ್ತಡ.

ಒಂದು ಕೆಜಿ ನೀರು ಅಂದರೆ 55.5 ಮೋಲ್. ಅದಕ್ಕೆ 180 ಗ್ರಾಂ ಗ್ಲೂಕೋಸ್, ಅಂದರೆ 1 ಮೋಲ್ ಹಾಕಿ. ಒಟ್ಟು 56.5. ಗ್ಲೂಕೋಸಿನ ಪಾಲು 1 ಭಾಗಿಸು 56.5, ಅಂದರೆ 0.0177. ಒತ್ತಡ ಇಳಿಯುವುದು 0.0177 × 23.76, ಅಂದರೆ 0.42 ಮಿಲಿಮೀಟರ್. ಉಳಿಯುವುದು 23.34.

ಈಗ ಭರಣಿಗೆ ಬನ್ನಿ. ಉಪ್ಪಿನ ಹರಳಿನ ಮೇಲೆ ತೇವದ ಒಂದು ತೆಳು ಪದರ ಕೂತರೆ ಅದು ಇನ್ನು ಕರಗಿಸಿಕೊಳ್ಳಲಾರದಷ್ಟು ಗಟ್ಟಿ ಉಪ್ಪುನೀರಾಗುತ್ತದೆ. ಅದರ ಆವಿ ಒತ್ತಡ ಶುದ್ಧ ನೀರಿನದರ ಶೇ. 75 ಮಾತ್ರ. ಹೊರಗಿನ ಗಾಳಿಯ ತೇವಾಂಶ ಶೇ. 75ಕ್ಕಿಂತ ಕಡಿಮೆ ಇದ್ದರೆ ಆ ಪದರ ಒಣಗುತ್ತದೆ. ಜಾಸ್ತಿ ಇದ್ದರೆ ಗಾಳಿಯ ನೀರೇ ಒಳಗೆ ಇಳಿಯುತ್ತದೆ. ಆಟಿಯ ಮಳೆಯಲ್ಲಿ ಮಡಿಕೇರಿಯ ಗಾಳಿ ಆ ಗೆರೆಯನ್ನು ದಿನಗಟ್ಟಲೆ ದಾಟಿಯೇ ಇರುತ್ತದೆ. ಒಲೆಯ ಪಕ್ಕ ಗಾಳಿ ಬಿಸಿ, ಹಾಗಾಗಿ ಅದೇ ತೇವ ಇದ್ದರೂ ಶೇಕಡಾವಾರು ಇಳಿಯುತ್ತದೆ. ಅವ್ವ ಭರಣಿಯನ್ನು ಸುಮ್ನೆ ಅಲ್ಲಿ ಇಟ್ಟಿರಲಿಲ್ಲ.

ಜಾಣ ವಿದ್ಯಾರ್ಥಿ ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಒಂದು ಕೆಜಿ ನೀರು ಸುಮಾರು 360 ಗ್ರಾಂ ಉಪ್ಪು ಹಿಡಿಯುತ್ತದೆ. 6.15 ಮೋಲ್, ಅಯಾನು ಎಣಿಸಿದರೆ 12.3. ನೀರಿನ ಪಾಲು 55.5 ಭಾಗಿಸು 67.8, ಅಂದರೆ 0.82. ಸೂತ್ರ ಶೇ. 82 ಅನ್ನುತ್ತದೆ, ಅಳತೆ ಶೇ. 75 ಅನ್ನುತ್ತದೆ. ತಪ್ಪು ಲೆಕ್ಕದಲ್ಲಿಲ್ಲ. ಅಷ್ಟು ಗಟ್ಟಿ ದ್ರಾವಣದಲ್ಲಿ ಅಯಾನುಗಳು ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬರೀ ಎಣಿಕೆ ಅಲ್ಲಿ ಸಾಲದು. ಈ ಪಾಠದ ಎಲ್ಲ ಸೂತ್ರಗಳೂ ತೆಳು ದ್ರಾವಣಕ್ಕೆ ಅಂತ ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಸಾಲಿನ ಅರ್ಥ ಇದು.

ಹೆಜ್ಜೆ 5: ಕುದಿಬಿಂದು, ನಮ್ಮ ಬೆಟ್ಟದ ಮೇಲೆ

ಆವಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದಾಗ ದ್ರವ ಕುದಿಯುತ್ತದೆ. ದ್ರಾವಣದ ಆವಿ ಒತ್ತಡ ಕಡಿಮೆ, ಹಾಗಾಗಿ ಅದನ್ನು ಇನ್ನೂ ಸ್ವಲ್ಪ ಬಿಸಿ ಮಾಡಬೇಕು. ಏರಿಕೆ = ಐ × ಕೆಬಿ × ಮೋಲಾಲಿಟಿ. ಕೆಬಿ ಅಂದರೆ ಒಂದೊಂದು ದ್ರಾವಕಕ್ಕೂ ಇರುವ ಸ್ಥಿರಾಂಕ, ನೀರಿಗೆ ಅದು 0.512.

'ಅನ್ನದ ನೀರಿಗೆ ಉಪ್ಪು ಹಾಕಿದರೆ ಬೇಗ ಬೇಯುತ್ತದೆ ಅಲ್ವಾ ಸರ್?' ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಒಂದು ಚಮಚ, 5.85 ಗ್ರಾಂ ಅಂದುಕೊಳ್ಳೋಣ, ಒಂದು ಲೀಟರ್ ನೀರಿಗೆ. 0.1 ಮೋಲ್. ಏರಿಕೆ 2 × 0.512 × 0.1, ಅಂದರೆ 0.1 ಡಿಗ್ರಿ. ಅಷ್ಟೇ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಶುದ್ಧ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬೆಟ್ಟ ಕಸಿದುಕೊಂಡ 4 ಡಿಗ್ರಿಯನ್ನು ಉಪ್ಪಿನಿಂದ ವಾಪಸು ತರಬೇಕಾದರೆ? 4 ಭಾಗಿಸು (2 × 0.512), ಅಂದರೆ 3.9 ಮೋಲ್. ಲೀಟರಿಗೆ ಸುಮಾರು 228 ಗ್ರಾಂ ಉಪ್ಪು! ಆ ಅನ್ನ ಬಾಯಿಗೆ ಇಡೋಕಾಗಲ್ಲ. ನಮ್ಮ ಊರಲ್ಲಿ ಆ ಕೆಲಸವನ್ನು ಕುಕ್ಕರ್ ಮಾಡುತ್ತದೆ, ಒತ್ತಡ ಏರಿಸಿ.

ಪ್ರಯೋಗಾಲಯದಲ್ಲಿ ಇದರಿಂದ ಒಂದು ಎಡವಟ್ಟಾಗುತ್ತದೆ. ನಾನು ಓದುವಾಗ ನಮ್ಮ ಬ್ಯಾಚಿನ ಅರ್ಧ ಜನ ಉಪ್ಪುನೀರು 97 ಡಿಗ್ರಿಯಲ್ಲಿ ಕುದಿಯಿತು ಅಂತ ಬರೆದು, ಏರಿಕೆ ಮೈನಸ್ 3 ಅಂತ ತೋರಿಸಿದ್ದೆವು. ಎಲ್ಲರೂ 100ರಿಂದ ಕಳೆದಿದ್ದೆವು. ಹಾಗಾಗಿ ಬೆಟ್ಟದ ಮಕ್ಕಳಿಗೆ ನನ್ನ ಮೊದಲ ಮಾತು: ಅದೇ ದಿನ, ಅದೇ ಥರ್ಮಾಮೀಟರಿನಲ್ಲಿ ಮೊದಲು ಶುದ್ಧ ನೀರು ಕುದಿಸಿ ಅಳೆಯಿರಿ. ವ್ಯತ್ಯಾಸವನ್ನು ಅದರಿಂದ ತೆಗೆಯಿರಿ. ಮಡಿಕೇರಿಯ ಓದಿಗೂ ಕೆಳಗಿನ ಕುಶಾಲನಗರದ ಓದಿಗೂ ಸುಮಾರು ಒಂದು ಡಿಗ್ರಿ ಫರಕು ಬರುತ್ತದೆ.

ಹೆಜ್ಜೆ 6: ಘನೀಕರಣ ಬಿಂದು

ಮಂಜುಗಡ್ಡೆ ಕಟ್ಟುವಾಗ ನೀರಿನ ಅಣುಗಳು ಮಾತ್ರ ಹರಳಿಗೆ ಸೇರುತ್ತವೆ, ದ್ರಾವ್ಯ ಹೊರಗೇ ಉಳಿಯುತ್ತದೆ. ಕರಗಿದ ಕಣಗಳು ಇದ್ದಷ್ಟೂ ಹರಳು ಕಟ್ಟಲು ಇನ್ನೂ ತಣ್ಣಗಾಗಬೇಕು. ಇಳಿಕೆ = ಐ × ಕೆಎಫ್ × ಮೋಲಾಲಿಟಿ. ಕೆಎಫ್ ಕೂಡ ದ್ರಾವಕದ ಸ್ಥಿರಾಂಕವೇ, ನೀರಿಗೆ 1.86. ಕೆಬಿಗಿಂತ ಮೂರು ಪಟ್ಟಿಗೂ ಜಾಸ್ತಿ, ಹಾಗಾಗಿ ಅಳೆಯಲು ಇದೇ ಸುಲಭ.

ಕೊಡಗಿನಲ್ಲಿ ಕೆರೆ ಹೆಪ್ಪುಗಟ್ಟುವುದಿಲ್ಲ. ಆದರೆ ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದು ಲಡಾಖ್ ಕಂಡವರು. ಅಲ್ಲಿ ಜೀಪಿನ ರೇಡಿಯೇಟರ್ ನೀರು ಗಡ್ಡೆ ಕಟ್ಟಿದರೆ ಹಿಗ್ಗಿ ಇಂಜಿನ್ ಬಿರಿಯುತ್ತದೆ. ಮೈನಸ್ 10ರವರೆಗೆ ಗಟ್ಟಿಯಾಗಬಾರದು ಅಂದರೆ ಒಂದು ಕೆಜಿ ನೀರಿಗೆ ಎಥಿಲೀನ್ ಗ್ಲೈಕಾಲ್ ಎಷ್ಟು ಬೇಕು? 10 ಭಾಗಿಸು 1.86, ಅಂದರೆ 5.38 ಮೋಲ್. ಮೋಲಾರ್ ರಾಶಿ 62, ಹಾಗಾಗಿ ಸುಮಾರು 333 ಗ್ರಾಂ. ಉಪ್ಪಾದರೆ 157 ಗ್ರಾಂ ಸಾಕು, ಅಗ್ಗವೂ ಹೌದು. ಆದರೆ ಉಪ್ಪುನೀರು ಕಬ್ಬಿಣವನ್ನು ತಿಂದುಹಾಕುತ್ತದೆ. ಕೊಲಿಗೇಟಿವ್ ಗುಣಕ್ಕೆ ಕಣ ಯಾರದಾದರೂ ನಡೆಯುತ್ತದೆ, ರೇಡಿಯೇಟರ್‌ಗೆ ನಡೆಯುವುದಿಲ್ಲ. ಇಷ್ಟು ಗಟ್ಟಿ ದ್ರಾವಣಕ್ಕೆ ಈ ಉತ್ತರಗಳು ಅಂದಾಜು ಮಾತ್ರ ಅನ್ನುವುದು ನೆನಪಿರಲಿ.

ಹೆಜ್ಜೆ 7: ಆಸ್ಮಾಟಿಕ್ ಒತ್ತಡ

ಮಳೆಗಾಲದಲ್ಲಿ ತೋಟಕ್ಕೆ ಹೊರಟವರ ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಇರುತ್ತದೆ. ಕಾಲಿಗೆ ಜಿಗಣೆ ಹತ್ತಿದರೆ ಅದರಿಂದ ಒತ್ತುತ್ತಾರೆ. ಜಿಗಣೆ ಕ್ಷಣದಲ್ಲಿ ಸುರುಟಿ, ಲೋಳೆ ಬಿಟ್ಟು, ಉದುರುತ್ತದೆ. ಅದರ ಮೈ ಮೇಲಿನ ತೇವದಲ್ಲಿ ಉಪ್ಪು ಕರಗಿ ಗಟ್ಟಿ ದ್ರಾವಣವಾಯಿತು. ಒಳಗೆ ತೆಳು, ಹೊರಗೆ ಗಟ್ಟಿ, ನಡುವೆ ನೀರನ್ನು ಬಿಡುವ ತೆಳ್ಳನೆಯ ಚರ್ಮ. ನೀರು ತೆಳು ಕಡೆಯಿಂದ ಗಟ್ಟಿ ಕಡೆಗೆ ನುಗ್ಗಿತು. ಇದೇ ಆಸ್ಮಾಸಿಸ್. ಹೀಗೆ ನುಗ್ಗುವುದನ್ನು ತಡೆಯಲು ಗಟ್ಟಿ ಕಡೆಯಿಂದ ಎಷ್ಟು ಒತ್ತಬೇಕೋ ಅದು ಆಸ್ಮಾಟಿಕ್ ಒತ್ತಡ. ಒತ್ತಡ = ಐ × ಮೋಲಾರಿಟಿ × ಆರ್ × ಕೆಲ್ವಿನ್ ಉಷ್ಣತೆ. ಆರ್ ಅಂದರೆ ಅನಿಲ ಸ್ಥಿರಾಂಕ, ಲೀಟರ್, ಅಟ್ಮಾಸ್ಫಿಯರ್ ಲೆಕ್ಕದಲ್ಲಿ 0.0821. ಇದನ್ನು ಕೊಟ್ಟ ವಾಂಟ್ ಹಾಫ್ ಅವರಿಗೇ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಿದ್ದು.

ನಮ್ಮ ತೋಟದಲ್ಲಿ ಒಂದು ಸಲ ಇದನ್ನು ನಷ್ಟ ಮಾಡಿಕೊಂಡು ಕಲಿತೆವು. ಕಾಫಿ ಎಲೆಗೆ ಹೊಡೆಯಲು 200 ಲೀಟರ್ ಬ್ಯಾರಲ್‌ಗೆ 1 ಕೆಜಿ ಯೂರಿಯಾ ಹಾಕುವುದು ನಮ್ಮ ರೂಢಿ. ಆ ದಿನ ತಮ್ಮ 4 ಕೆಜಿ ಸುರಿದಿದ್ದ. ಬಿಸಿಲು ಏರಿದ ಮೇಲೆ ಹೊಡೆದಿದ್ದರು. ಎರಡು ಮೂರು ದಿನಕ್ಕೆ ಚಿಗುರೆಲೆಗಳ ಅಂಚು ಕಂದು ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಲೆಕ್ಕ ಹಾಕಿದೆ. 1 ಕೆಜಿ ಅಂದರೆ ಲೀಟರಿಗೆ 5 ಗ್ರಾಂ, 0.083 ಮೋಲ್. 298 ಕೆಲ್ವಿನ್‌ನಲ್ಲಿ ಒತ್ತಡ ಸುಮಾರು 2 ಅಟ್ಮಾಸ್ಫಿಯರ್. 4 ಕೆಜಿಗೆ 8. ಬಿಸಿಲಿಗೆ ಹನಿ ಒಣಗುತ್ತಾ ಹೋದಂತೆ ಇನ್ನೂ ಏರುತ್ತದೆ. ಎಲೆಯ ನೀರು ಹೊರಗೆ ಬರದೆ ಇರುತ್ತದಾ? ಯೂರಿಯಾ ಅತಿಯಾದಾಗಿನ ವಿಷವೂ ಅದಕ್ಕೆ ಸೇರಿತ್ತು.

ಅದೇ 1 ಕೆಜಿ ಪೊಟ್ಯಾಷ್ ಹಾಕಿದರೆ? ಅದು ಪೊಟ್ಯಾಸಿಯಂ ಕ್ಲೋರೈಡ್, ಮೋಲಾರ್ ರಾಶಿ 74.5, ಎರಡಾಗಿ ಒಡೆಯುತ್ತದೆ. ಶುದ್ಧ ಅಂತಿಟ್ಟುಕೊಂಡರೆ 0.067 × 2, ಅಂದರೆ 0.134. ಒತ್ತಡ ಸುಮಾರು 3.3 ಅಟ್ಮಾಸ್ಫಿಯರ್. ತೂಕ ಒಂದೇ, ಎಲೆಗೆ ಬೀಳುವ ಭಾರ ಬೇರೆ.

ಹೆಜ್ಜೆ 8: ಹಿಂದಿನಿಂದ ಮುಂದಕ್ಕೆ, ಗೊತ್ತಿಲ್ಲದ ಮೋಲಾರ್ ರಾಶಿ

ಕಣ ಎಣಿಸಲು ಬಂದರೆ, ಒಂದೊಂದು ಕಣದ ತೂಕವೂ ಸಿಗುತ್ತದೆ. 100 ಗ್ರಾಂ ನೀರಿನಲ್ಲಿ ಒಡೆಯದ ಒಂದು ಪದಾರ್ಥ 3 ಗ್ರಾಂ ಕರಗಿಸಿದಾಗ ಘನೀಕರಣ ಬಿಂದು 0.31 ಡಿಗ್ರಿ ಇಳಿಯಿತು. ಮೋಲಾಲಿಟಿ 0.31 ಭಾಗಿಸು 1.86, ಅಂದರೆ 0.1667. ಅದು ಒಂದು ಕೆಜಿಗೆ. ನಮ್ಮ 100 ಗ್ರಾಂ ನೀರಿನಲ್ಲಿ 0.01667 ಮೋಲ್. 3 ಭಾಗಿಸು 0.01667, ಅಂದರೆ 180. ಗ್ಲೂಕೋಸ್ ಇರಬಹುದು. 'ಒಂದು ಕೆಜಿಗೆ' ಅನ್ನುವ ಮಧ್ಯದ ಹೆಜ್ಜೆ ಬಿಟ್ಟರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ.

ಒಡೆಯುವ ಪದಾರ್ಥಕ್ಕೆ ಹೀಗೇ ಮಾಡಿದರೆ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ, ಉಪ್ಪಿಗೆ 58.5ರ ಬದಲು 30ರ ಹತ್ತಿರ. ಜೋಡಿಯಾಗುವುದಕ್ಕೆ ಜಾಸ್ತಿ: ಬೆಂಜೀನಿನಲ್ಲಿ ಅಸಿಟಿಕ್ ಆಮ್ಲ 60ರ ಬದಲು ಸುಮಾರು 120 ತೋರಿಸುತ್ತದೆ. ನಿಜವಾದ ರಾಶಿಯನ್ನು ಅಳೆದ ರಾಶಿಯಿಂದ ಭಾಗಿಸಿದರೆ ಐ ಸಿಕ್ಕಿಬಿಡುತ್ತದೆ.

ಹೆಜ್ಜೆ 9: ಕೈಯಾರೆ ಮಾಡಿ ನೋಡಿ

ಎರಡು ಸ್ಟೀಲ್ ಲೋಟ, ಪುಡಿ ಮಾಡಿದ ಐಸ್, ಉಪ್ಪು, ಸಕ್ಕರೆ, ಪ್ರಯೋಗಾಲಯದ ಥರ್ಮಾಮೀಟರ್. ಜ್ವರ ನೋಡುವುದು ಬೇಡ. ಎರಡೂ ಲೋಟಕ್ಕೆ 100 ಗ್ರಾಂ ಐಸ್, ಸ್ವಲ್ಪ ನೀರು ಹಾಕಿ ಕದಡಿ. ಎರಡರಲ್ಲೂ ಸೊನ್ನೆಯ ಹತ್ತಿರ ಓದು ಬರಬೇಕು. ಈಗ ಒಂದಕ್ಕೆ 20 ಗ್ರಾಂ ಉಪ್ಪು, ಇನ್ನೊಂದಕ್ಕೆ 20 ಗ್ರಾಂ ಸಕ್ಕರೆ. ಒಂದೇ ತೂಕ. ಎಣಿಸಿದರೆ ಉಪ್ಪು 0.68 ಮೋಲ್ ಅಯಾನು, ಸಕ್ಕರೆ 0.058 ಮೋಲ್ ಅಣು. ಸುಮಾರು 12 ಪಟ್ಟು ವ್ಯತ್ಯಾಸ. ಸಕ್ಕರೆ ಲೋಟದಲ್ಲಿ ಥರ್ಮಾಮೀಟರ್ ಸೊನ್ನೆಯ ಕೆಳಗೆ ಸ್ವಲ್ಪವೇ ಸರಿಯುತ್ತದೆ. ಉಪ್ಪಿನ ಲೋಟದಲ್ಲಿ ಜಾರುತ್ತಾ ಹೋಗುತ್ತದೆ. ಮೈನಸ್ 10ಕ್ಕೇ ಗೆರೆ ಮುಗಿಯುವ ಥರ್ಮಾಮೀಟರ್ ಆದರೆ ಗೆರೆ ದಾಟಿದರೂ ಗಾಬರಿ ಬೇಡ. ಹೊರಗಿನ ತೇವ ಲೋಟದ ಮೈಗೆ ಬಿಳಿ ಹಿಮವಾಗಿ ಅಂಟುತ್ತದೆ. ಬರಿಗೈಯಲ್ಲಿ ತುಂಬಾ ಹೊತ್ತು ಹಿಡಿಯಬೇಡಿ.

ಮುಗಿದ ಮೇಲೆ ಆ ಉಪ್ಪುನೀರನ್ನು ಹಿತ್ತಲಿನ ಏಲಕ್ಕಿ ಬುಡಕ್ಕೆ ಚೆಲ್ಲಬೇಡಿ. ಯಾಕೆ ಅಂತ ಏಳನೆಯ ಹೆಜ್ಜೆಯಲ್ಲಿದೆ.